ರಾತ್ರಿ ಎಣ್ಣೆ, ಬೆಳಿಗ್ಗೆ ಗುಳಿಗೆ: ಗಂಟೆ ಲೆಕ್ಕ ಹಾಕೋದು ಹೇಗೆ?

ಕಾರವಾರದ ಬೈತಖೋಲ್ ಬಂದರಲ್ಲಿ ಬೋಟ್ ಇಳಿದವರು ಬೆಳಿಗ್ಗೆ ನಮ್ಮ ಮೆಡಿಕಲ್ ಶಾಪಿಗೆ ಬಂದು ಕೌಂಟರ್ ಮೇಲೆ ಕೈ ಊರಿ ಕೇಳೋದು ಒಂದೇ, "ರಾತ್ರಿ ಸ್ವಲ್ಪ ತಗೊಂಡಿದ್ದೆ ತಮಾ, ಈಗ ಗುಳಿಗೆ ನುಂಗ್ಬೋದಾ?" ಯಾವ ಗುಳಿಗೆ, ಎಷ್ಟೊತ್ತಿಗೆ ಕುಡಿದಿದ್ದು ಅಂತ ನಾನು ತಿರುಗಿ ಕೇಳ್ಲೇಬೇಕು.

ಮೊದ್ಲು ಕುಡಿದಿದ್ದನ್ನ ಗ್ರಾಂ ಲೆಕ್ಕಕ್ಕೆ ತನ್ನಿ. 180 ಎಂಎಲ್ ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್, 650 ಎಂಎಲ್‌ನ 5 ಪರ್ಸೆಂಟ್ ಬಿಯರಲ್ಲಿ 25. ಗೋವಾದ ಕಾಜು ಫೆನಿ ಹೆಚ್ಚುಕಮ್ಮಿ ವಿಸ್ಕಿಯಷ್ಟೇ ಸ್ಟ್ರಾಂಗು.

ಆಮೇಲೆ ಗಂಟೆ. ಲಿವರ್ ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತೆ, ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟಲ್ಲಿ ಲಾರಿ ಎಷ್ಟೇ ಸಾಲು ನಿಂತ್ರೂ ಒಂದೊಂದೇ ಬಿಟ್ಟಂಗೆ, ಮಜ್ಜಿಗೆ ಕುಡಿದ್ರೂ ತಣ್ಣೀರು ಸುರ್ಕೊಂಡ್ರೂ ಆ ಸಾಲು ಬೇಗ ಕರಗಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವರ ರಕ್ತದಲ್ಲಿ ಬೆಳಿಗ್ಗೆ 5ಕ್ಕೆ ಇನ್ನೂ ಇರಬಹುದು.

ಗುಳಿಗೆ ಲೆಕ್ಕವೇ ಬೇರೆ, ರಕ್ತದಲ್ಲಿ ಅದು ಇಂತಿಷ್ಟು ಗಂಟೆಗೊಮ್ಮೆ ಅರ್ಧರ್ಧ ಇಳಿಯುತ್ತೆ. ಪ್ಯಾರಾಸಿಟಮಾಲ್ 2-3 ಗಂಟೆಗೆ ಅರ್ಧ ಆದ್ರೆ ಸೆಟ್ರಿಜಿನ್‌ಗೆ ಸುಮಾರು 8 ಗಂಟೆ ಬೇಕು, ಹಾಗಾಗಿ ಬೆಳಿಗ್ಗೆ ಶೀತಕ್ಕೆ ನುಂಗಿದ್ದು ಸಂಜೆ ಪೆಗ್ ಹಾಕೋ ಹೊತ್ತಿಗೂ ರಕ್ತದಲ್ಲೇ ಇದೆ, ಎರಡೂ ಸೇರಿ ಮಂಪರು ಜಾಸ್ತಿ.

ಈಗ ಡಾಕ್ಟರ್ ಚೀಟಿ ನೋಡಿ. ನಿದ್ದೆಗೆ ಅಲ್ಪ್ರಾಜೋಲಾಮ್ ತಗೊಳ್ಳೋರು ಕುಡೀಲೇಬಾರದು, ಎರಡೂ ಸೇರಿದ್ರೆ ಉಸಿರಾಟನೇ ನಿಧಾನ ಆಗುತ್ತೆ. ಸೋಂಕಿಗೆ ಕೊಡೋ ಮೆಟ್ರೊನಿಡಜೋಲ್ ಇದ್ರೆ ಕೋರ್ಸ್ ಮುಗಿದ ಮೇಲೂ 3 ದಿನ ಕುಡಿಯೋದು ಬಿಡಿ. ನೋವಿನ ಗುಳಿಗೆ ಡೈಕ್ಲೋಫೆನಾಕ್ ಜೊತೆ ಎಣ್ಣೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ದಿನಾ ಕುಡಿಯೋರಿಗೆ ಪ್ಯಾರಾಸಿಟಮಾಲೂ ಲಿವರಿಗೆ ಕಷ್ಟ, ಡಾಕ್ಟರ್ ಕೇಳದೆ ನುಂಗಬೇಡಿ.

ನನಗೆ ಹೆಚ್ಚು ಭಯ ಶುಗರ್‌ನವರದ್ದು. ಊಟದ ನಡುವೆ ರಕ್ತಕ್ಕೆ ಸಕ್ಕರೆ ತುಂಬಿಸೋದು ಲಿವರ್, ಅದು ಎಣ್ಣೆ ಕರಗಿಸೋದ್ರಲ್ಲಿ ಬಿಝಿ ಆದಾಗ ಹೊಟ್ಟೇಲಿ ಶುಗರ್ ಇಳಿಸೋ ಗುಳಿಗೆ ಗ್ಲಿಮೆಪಿರೈಡ್ ಇದ್ದು ಅನ್ನ ಇಲ್ಲ ಅಂದ್ರೆ ಮಧ್ಯರಾತ್ರಿ ಶುಗರ್ ಕುಸಿಯುತ್ತೆ. ಬೆವರು, ನಡುಕ, ತೊದಲು ಮಾತು ನೋಡಿ ಮನೆಯವರು "ಜಾಸ್ತಿಯಾಗಿದೆ, ಮಲಗ್ಲಿ ಬಿಡಿ" ಅಂತಾರೆ! ಬಿಡಬೇಡಿ. ಎಚ್ಚರ ಇದ್ರೆ ಸಕ್ಕರೆ ನೀರು ಕೊಡಿ, ಎಬ್ಬಿಸಿದ್ರೂ ಏಳದಿದ್ರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ ಕೂಡ್ಲೇ 108ಕ್ಕೆ ಫೋನ್ ಮಾಡಿ, ಯಾವ ಗುಳಿಗೆ ನುಂಗಿದ್ರೋ ಅದರ ಖಾಲಿ ಸ್ಟ್ರಿಪ್ ಆಂಬುಲೆನ್ಸಲ್ಲಿ ಜೊತೆಗೇ ಕಳಿಸಿ.