ಮಗಳ ರಕ್ತ ಟೆಸ್ಟಿಗೆ ಹೋಗಿ ನನ್ನ ಎಚ್‌ಬಿನೂ ಗೊತ್ತಾತು

ಅರಿವಿ ಒಗ್ಯಾಕ ತಗದಾಗ ಮಗಳ ಯುನಿಫಾರ್ಮ್ ಕಿಸೆದಾಗ ಬಳಪದ ತುಂಡು ಸಿಕ್ವು. ಒಂದಲ್ಲ, ನಾಕೈದು, ಎಲ್ಲಾ ಕಡದು ಸಣ್ಣ ಆಗಿದ್ವು. ಅಕಿಗೆ 11 ವರ್ಷ, ಆರನೇ ಕ್ಲಾಸು, ಪಾಟಿ ಬಳಪ ಬಿಟ್ಟು ಎಷ್ಟೋ ವರ್ಷ ಆತು. ಕೇಳಿದ್ರ ಮೊದ್ಲು ಸುಮ್ನ ನಿಂತ್ಲು, ಆಮ್ಯಾಲ "ಅಮ್ಮಾ, ಅದರ ವಾಸನಿ ಬಂದ್ರ ತಿನ್ನಬೇಕ ಅನಸ್ತೈತಿ, ತಡ್ಕೊಳ್ಳಾಕ ಆಗಂಗಿಲ್ಲ" ಅಂತ ಅತ್ತಬಿಟ್ಲು. ನಾ ಬೈಲಿಲ್ಲ, ಬೈಬೇಕು ಅಂತ ಬಾಯಿ ತನಕ ಬಂದಿತ್ತು ಖರೆ.

ಅದಕಿಂತ ಮೊದ್ಲ ಗುರ್ತಾಗಬೇಕಿತ್ತು. ಆರು ತಿಂಗಳಿಂದ ಸಾಲಿಯಿಂದ ಬಂದಕೂಡ್ಲೆ ಬ್ಯಾಗ್ ಒಗದು ಮಲಗ್ತಿದ್ಲು, ಎರಡನೇ ಮಾಳಗಿ ಹತ್ತಿದ್ರ ಏದುಸಿರು, ತುಟಿ ಬೆಳ್ಳಗ. ನಾವು ಮೊಬೈಲ್ ನೋಡಿ ನೋಡಿ ಹಿಂಗಾಗ್ಯಾಳ ಅಂತ ತಿಳ್ಕೊಂಡಿದ್ವಿ. ಹೋದ ವರ್ಷ ಒಂದ್ ಸಲ ಮನಿ ಹತ್ರದ ಕ್ಲಿನಿಕ್‌ಗೆ ತೋರ್ಸಿದ್ದೆ, ಅಲ್ಲೆ ರಕ್ತ ನೋಡದನ "ವೀಕ್ ಆಗ್ಯಾಳ" ಅಂತ ಒಂದು ಟಾನಿಕ್ ಕೊಟ್ಟಿದ್ರು, ಬಾಟ್ಲಿ ಮುಗೀತು, ಮುಖದಾಗ ಸ್ವಲ್ಪ ಕಳೆ ಬಂತು, ನಾನೂ ಬಿಟ್ಟೆ. ಆ ಬಿಟ್ಟದ್ದ ನಂದು ತಪ್ಪು, ಯಾಕ ಅಂತ ಮುಂದ ಹೇಳ್ತೇನಿ.

ಈ ಸಲ ಧಾರವಾಡದಾಗ ಮಕ್ಕಳ ಡಾಕ್ಟರ್ ಕಡೆ ಹೋದ್ವಿ. ಬಳಪದ ಸುದ್ದಿ ಕೇಳಿದಕೂಡ್ಲೆ ಮೇಡಂ ಕಣ್ಣಿನ ಕೆಳಗಿನ ರೆಪ್ಪಿ ಎಳದು ನೋಡಿದ್ರು, ಉಗುರು ನೋಡಿದ್ರು, ಸಿಬಿಸಿ ಅನ್ನೋ ರಕ್ತದ ಟೆಸ್ಟ್ ಬರದ್ರು. ಮಣ್ಣು, ಬಳಪ, ಬೇಯಿಸದ ಅಕ್ಕಿ ತಿನ್ನಬೇಕ ಅನಸೋದು ಕೆಟ್ಟ ಚಟ ಅಲ್ಲ, ಮೈಯಾಗ ಕಬ್ಬಿಣ ಕಡಿಮಿ ಆದಾಗ ಭಾಳ ಮಂದಿಗೆ ಹಂಗಾಗ್ತೈತಿ ಅಂದ್ರು. ಎಚ್‌ಬಿ, ಅಂದ್ರ ರಕ್ತದಾಗಿನ ಹಿಮೋಗ್ಲೋಬಿನ್, 8.6 ಬಂತು. 5 ರಿಂದ 11 ವರ್ಷದ ಮಕ್ಕಳಿಗೆ 11.5 ಆದ್ರೂ ಇರಬೇಕು. ರಕ್ತಕಣನೂ ಸಣ್ಣ ಇದ್ವು, ಆದ್ರ ಥಲಸೇಮಿಯಾ ಮೈನರ್ ಅಂತ ಹುಟ್ಟಿನಿಂದ ಬರೋ ರಕ್ತದ ತೊಂದ್ರಿ ಇದ್ದವ್ರಿಗೂ ಕಣ ಸಣ್ಣ ಇರ್ತಾವು, ಅದಕ್ಕ ಸುಮ್ನ ಕಬ್ಬಿಣ ಕೊಡೂದು ಬ್ಯಾಡ ಅಂತ ಫೆರಿಟಿನ್ ಟೆಸ್ಟ್ ಮಾಡ್ಸಿದ್ರು. ಫೆರಿಟಿನ್ ಅಂದ್ರ ಮೈಯಾಗ ಕೂಡಿಟ್ಟ ಕಬ್ಬಿಣದ ಲೆಕ್ಕ, ನಾವು ಕಣಜದಾಗ ಜ್ವಾಳ ಇಟ್ಟಂಗ. ಅಕಿದು 5 ಇತ್ತು. ಕಣಜ ಪೂರಾ ಖಾಲಿ.

ಮೇಡಂ ರಿಪೋರ್ಟ್ ಕೆಳಗಿಟ್ಟು ನನ್ನ ಮುಖ ನೋಡಿ "ನಿಮ್ಮ ಎಚ್‌ಬಿ ಎಷ್ಟ್ರಿ?" ಅಂತ ಕೇಳಿದ್ರು. ನನಗ ಉತ್ತರ ಇರಲಿಲ್ಲ. ಸಣ್ಣವ ಹುಟ್ಟಿದಾಗ ನೋಡಿದ್ದು, ಅಂವಗ ಈಗ ನಾಕು ವರ್ಷ. ಅದ ದಿನ ಅದ ಲ್ಯಾಬಿನ್ಯಾಗ ಕೈ ಕೊಟ್ಟೆ, ನಂದು 9.1. ಹೆಣ್ಮಕ್ಕಳಿಗೆ 12 ಇರಬೇಕು. ಮುಂಜಾನೆ ಐದೂವರಿಗೆ ಎದ್ದು ರೊಟ್ಟಿ ಬಡದು ಮೂರು ಡಬ್ಬಿ ಕಟ್ಟಿ ಮನಿಯವ್ರನ್ನ ಹುಬ್ಬಳ್ಳಿಗೆ ಚಿಗರಿ ಬಸ್ಸಿಗೆ ಕಳಿಸಿ, ಹನ್ನೊಂದಕ್ಕ ತಲಿ ಗಿರ್ ಅಂದ್ರ ಅದು ಕೆಲಸದ ದಣಿವು ಅಂತ ತಿಳ್ಕೊಂಡಿದ್ದೆ. ತಿಂಗಳ ಮುಟ್ಟಿನಾಗ ಮೊದ್ಲಿನ ಮೂರು ದಿನ ಎರಡು ತಾಸಿಗೊಮ್ಮೆ ಪ್ಯಾಡ್ ಬದಲಿ ಮಾಡೂದು ನನಗ ಮಾಮೂಲಿ ಆಗಿತ್ತು, ನಮ್ಮವ್ವಗೂ ಹಂಗ ಇತ್ತು, ಹಂಗಾಗಿ ಯಾರ ಮುಂದೂ ಹೇಳಿರಲಿಲ್ಲ. ಲೇಡಿ ಡಾಕ್ಟರ್ ಕಡೆ ಕಳಿಸಿದ್ರು, ಥೈರಾಯ್ಡ್ ನೋಡಿದ್ರು, ಸ್ಕ್ಯಾನಿಂಗ್ ಮಾಡಿದ್ರು, ದೊಡ್ಡದೇನೂ ಇರಲಿಲ್ಲ, ಆ ಮೂರು ದಿನ ರಕ್ತ ಕಡಿಮಿ ಹೋಗಾಕ ಗುಳಿಗಿ ಬರದ್ರು. ಬರೇ ಕಬ್ಬಿಣದ ಗುಳಿಗಿ ನುಂಗಿದ್ರ ತೂತಿನ ಕೊಡಕ್ಕ ನೀರು ಹಾಕಿದಂಗ ಆಗ್ತಿತ್ತು.

ಈಗ ಗುಳಿಗಿ ಸುದ್ದಿ. ಮಗಳಿಗೆ ತೂಕ ನೋಡಿ ದಿನಾ ಒಂದು. ಗುಳಿಗಿ ಮ್ಯಾಲ ಬರದ ಮಿಲಿಗ್ರಾಂ ಎಲ್ಲಾ ಕಬ್ಬಿಣ ಅಲ್ರಿ, ಫೆರಸ್ ಫ್ಯೂಮರೇಟ್ ಅಂತ ಇದ್ರ ಅದರಾಗ ಮೂರನೇ ಒಂದು ಪಾಲಷ್ಟ ಖರೇ ಕಬ್ಬಿಣ ಇರ್ತೈತಿ, ಹಂಗಾಗಿ ಬಾಜೂ ಮನಿ ಹುಡುಗಿ ಚೀಟಿ ನೋಡಿ ತಂದು ಕೊಡಬ್ಯಾಡ್ರಿ. ನನಗ ದಿನಾ ತಗೊಂಡ್ರ ಹೊಟ್ಟಿ ತೊಳಸ್ತಿತ್ತು, ಅದಕ್ಕ ದಿನಾ ಬಿಟ್ಟು ದಿನಾ ಮಾಡಿಕೊಟ್ರು. ಒಂದು ದೊಡ್ಡ ಡೋಸ್ ತಗೊಂಡ್ರ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಮರುದಿನದ ಕಬ್ಬಿಣ ಕಡಿಮಿ ಹೀರ್ಕೊಳ್ತೈತಂತ, ಒಂದಿನ ಬಿಟ್ರ ಅದು ಇಳೀತೈತಿ.

ಮೂರನೇ ದಿನಕ್ಕ ಮಗಳ ಸಂಡಾಸ ಕರ್ರಗ ಆತು. ಅತ್ತಿಯವ್ರು ಹೆದರಿ "ನಿಲ್ಸಿಬಿಡವಾ, ಹೊಟ್ಯಾಗ ಏನೋ ಕೆಟ್ಟೈತಿ" ಅಂದ್ರು. ಹೀರದ ಉಳದ ಕಬ್ಬಿಣ ಹೊರಗ ಹೋಗ್ತೈತಿ, ಅದಕ್ಕ ಕಪ್ಪು, ಮೇಡಂ ಮೊದ್ಲ ಹೇಳಿದ್ದಕ್ಕ ನಾ ನಿಲ್ಸಲಿಲ್ಲ. ಹೊಟ್ಟಿ ಬಿಗೀ ಹಿಡಿಯೋದಕ್ಕ ನೀರು ಜಾಸ್ತಿ ಮಾಡಿ ರೊಟ್ಟಿ ಜೋಡಿ ಅಗಸಿ ಹಿಂಡಿ ಕೊಟ್ಟೆ. ಇನ್ನೊಂದು ಮಾತು, ಸಣ್ಣ ಮಕ್ಕಳಿರೋ ಮನಿಯವ್ರು ದಯಮಾಡಿ ಕೇಳ್ರಿ, ಈ ಗುಳಿಗಿ ಚಾಕಲೇಟ್ ಗೋಲಿ ಇದ್ದಂಗ ಕಾಣಸ್ತಾವು, ಸಣ್ಣ ಕೂಸು ನಾಕೈದು ನುಂಗಿದ್ರ ಜೀವಕ್ಕ ಅಪಾಯ. ನಾ ಗೋದ್ರೇಜ್ ಕಪಾಟಿನ ಮ್ಯಾಲಿನ ಖಾನೆದಾಗ ಕೀಲಿ ಹಾಕಿ ಇಡ್ತೇನಿ.

ಆದ್ರ ನಮ್ಮ ಮನ್ಯಾಗ ಖರೇ ಜಗಳ ಆಗಿದ್ದು ಚಾ ಸಲುವಾಗಿ. ಮಗಳು ಐದು ವರ್ಷದಾಕಿ ಇದ್ದಾಗಿಂದ ಅಜ್ಜಿ ಜೋಡಿ ಕುಂತು ಚಾ ಕುಡೀತಾಳ, ಮುಂಜಾನೆ ಚಾ ಚುರಮುರಿ, ಸಾಲಿಯಿಂದ ಬಂದು ಚಾ ಖಾರಿ, ಸಂಜಿ ಉಪ್ಪಿಟ್ಟಿನ ಜೋಡಿ ಮತ್ತ ಅರ್ಧ ಕಪ್. ಚಾದಾಗಿನ ಟ್ಯಾನಿನ್ ಊಟದಾಗಿನ ಕಬ್ಬಿಣಕ್ಕ ಗಂಟು ಬೀಳ್ತೈತಿ, ಮೈ ಅದನ್ನ ಹೀರ್ಕೊಳ್ಳಾಕ ಆಗಂಗಿಲ್ಲ, ನಮ್ಮಂಥ ಶಾಖಾಹಾರಿ ಮನ್ಯಾಗ ಇದು ಇನ್ನೂ ಜಾಸ್ತಿ ಯಾಕಂದ್ರ ಕಾಳು ಸೊಪ್ಪಿನ ಕಬ್ಬಿಣ ಮೊದ್ಲ ಕಡಿಮಿ ಹತ್ತತೈತಿ. ಅಂದ್ರ ನಾ ಬೆಳಿಗ್ಗೆ ಎದ್ದು ಮಾಡಿದ ಪಲ್ಯಾದ ಮ್ಯಾಲ ನಾನ ಚಾ ಹಾಕಿ ಅರ್ಧ ಸತ್ವ ತಗದುಬಿಡ್ತಿದ್ದೆ. ಈ ಮಾತು ಗೊತ್ತಾದಾಗ ನನಗ ಭಾಳ ಸಂಕಟ ಆತು. ಹಾಲೂ ಹಂಗ, ಕ್ಯಾಲ್ಸಿಯಂ ಅಡ್ಡ ಬರ್ತೈತಿ, ನಾ ಮೊದ್ಲು ಗುಳಿಗಿ ಹಾಲಿನ್ಯಾಗ ಕೊಡಾಕ ಹತ್ತಿದ್ದೆ.

ಅತ್ತಿಗೆ ಚಾ ಬಿಡ್ರಿ ಅನ್ನೋದು ಆಗದ ಮಾತು, ಅವ್ರಿಗೆ 70 ವರ್ಷ. ಮಗಳಿಗೆ ಪೂರಾ ನಿಲ್ಸಿದೆ, ದೊಡ್ಡವ್ರಿಗೆ ಚಾ ವ್ಯಾಳೆ ಅಷ್ಟ ಸರಿಸಿದೆ, ಉಣ್ಣೋಕ್ಕಿಂತ ಒಂದು ತಾಸು ಮೊದ್ಲು ಇಲ್ಲಾ ಉಂಡು ಒಂದು ತಾಸು ಆದಮ್ಯಾಲ. ಹದಿನೈದು ದಿನ ಮನ್ಯಾಗ ಮಾತ ಇರಲಿಲ್ಲ. ಮಗಳು ಅಜ್ಜಿ ಕಪ್ ನೋಡ್ಕೋತ ಕುಂಡ್ರೂದು ನೋಡಿ ಅತ್ತಿಯವ್ರ ತಾವಾಗಿ ತಮ್ಮ ಚಾ ಅಡಗಿಮನ್ಯಾಗ ಕುಡ್ಯಾಕ ಹತ್ತಿದ್ರು, ಅದನ್ನ ನಾ ಮರಿಯಂಗಿಲ್ಲ.

ಊಟದಾಗ ಹೊಸಾದೇನೂ ತರಲಿಲ್ಲ. ಬಂದ ಸಂಬಂಧಿಕ್ರೆಲ್ಲಾ ದಾಳಿಂಬ್ರಿ, ಬೀಟ್‌ರೂಟ್ ತಂದ್ರು, ಕೆಂಪಿದ್ರ ರಕ್ತ ಆಗ್ತೈತಿ ಅಂತ ನಂಬಿಕಿ. 100 ಗ್ರಾಂ ದಾಳಿಂಬ್ರಿಯೊಳಗ ಬರೇ 0.3 ಮಿಲಿಗ್ರಾಂ ಕಬ್ಬಿಣ ಐತಿ. ಆ ರೊಕ್ಕದಾಗ ನಾ ಸಜ್ಜಿ ತಂದೆ, ಸಂಕ್ರಾಂತಿಗೆ ಅಷ್ಟ ಮಾಡ್ತಿದ್ದ ಸಜ್ಜಿ ರೊಟ್ಟಿ ವಾರಕ್ಕ ಮೂರು ದಿನ ಆತು. ತವರಮನಿ ನವಲಗುಂದ ಕಡೆ, ಅಲ್ಲಿಂದ ಹೆಸರು, ಮಡಕಿ ಕಾಳು ಬರ್ತಾವು, ನೆನಸಿ ಮೊಳಕಿ ಕಟ್ಟಿ ಪಲ್ಯಾ, ಮೊಳಕಿ ಬಂದ್ರ ಕಬ್ಬಿಣ ಹಿಡಿದಿಡೋ ಫೈಟೇಟ್ ಕಡಿಮಿ ಆಗ್ತೈತಿ. ಗುರೆಳ್ಳ ಹಿಂಡಿ, ರಾಜಗಿರಿ, ಬಾಣಂತಿಗೆ ಅಷ್ಟ ಅಂತ ಇಟ್ಟಿದ್ದ ಅಳವಿ ಉಂಡಿ. ಒಗ್ಗರಣಿಗೆ ಅಜ್ಜಿ ಕಾಲದ ಕಬ್ಬಿಣದ ಬಾಂಡ್ಲಿ ಮತ್ತ ಹೊರಗ ತಗದೆ. ಎಲ್ಲಾದರ ಮ್ಯಾಲ ನಿಂಬಿಹಣ್ಣು ಹಿಂಡೂದು, ಊಟ ಆದಕೂಡ್ಲೆ ಅರ್ಧ ಪ್ಯಾರಲಹಣ್ಣು, ಸಿ ವಿಟಮಿನ್ ಇದ್ರ ಕಾಳಿನ ಕಬ್ಬಿಣ ಚೊಲೋ ಹತ್ತತೈತಿ. ಧಾರವಾಡದಾಗ ಇದ್ದು ಪ್ಯಾರಲಹಣ್ಣಿಗೆ ಬರ ಇಲ್ರಿ, ಸೂಪರ್ ಮಾರ್ಕೆಟ್‌ನ್ಯಾಗ ಸೀಜನ್ನಿನಾಗ ಬುಟ್ಟಿ ಬುಟ್ಟಿ ಕುಂತಿರ್ತಾವು. ಆದ್ರ 8.6 ಇದ್ದ ಎಚ್‌ಬಿ ಊಟದಿಂದ ಅಷ್ಟ ಏರಂಗಿಲ್ಲ, ಗುಳಿಗಿ ಬೇಕ ಬೇಕು.

ಸಾಲ್ಯಾಗ ವಾರಕ್ಕೊಮ್ಮೆ ನೀಲಿ ಗುಳಿಗಿ ಕೊಡ್ತಾರಲ್ಲ, 10 ರಿಂದ 19 ವರ್ಷದವ್ರಿಗೆ, 60 ಮಿಲಿಗ್ರಾಂ ಕಬ್ಬಿಣ ಮತ್ತ ಫೋಲಿಕ್ ಆಸಿಡ್ ಇರೋದು, ಅದು ಮಗಳ ಕಂಪಾಸ್ ಬಾಕ್ಸಿನ್ಯಾಗ ಹನ್ನೊಂದು ಸಿಕ್ವು. ಒಂದ್ ಸಲ ಖಾಲಿ ಹೊಟ್ಟಿಲೆ ನುಂಗಿ ವಾಂತಿ ಆಗಿತ್ತಂತ, ಅವತ್ತಿಂದ ಮುಚ್ಚಿಡ್ತಿದ್ಲು. ನಿಮ್ಮ ಮಕ್ಕಳ ಕಂಪಾಸೂ ಒಮ್ಮೆ ತಗದು ನೋಡ್ರಿ. ಜಂತದ ಗುಳಿಗಿ ಆಲ್ಬೆಂಡಜೋಲ್ 400 ಕೊಟ್ಟ ದಿನ ಅಕಿ ಜ್ವರ ಬಂದು ಮನ್ಯಾಗಿದ್ಲು, ಅದನ್ನೂ ಮೇಡಂ ಕೇಳಿ ಕೊಡ್ಸಿದೆ.

ಬಳಪದ ಆಸೆ ಎರಡು ವಾರದಾಗ ಹೋತು, ಎಚ್‌ಬಿ ಏರೋಕ್ಕಿಂತ ಮೊದ್ಲ. ತಿಂಗಳಿಗೆ 9.9, ಮೂರನೇ ತಿಂಗಳಿಗೆ 12. ಹೋದ ಸಲ ನಾ ತಪ್ಪಿದ್ದು ಇಲ್ಲೆ. ಎಚ್‌ಬಿ ಸರಿ ಬಂದ್ರೂ ಕಣಜ ತುಂಬಿರಂಗಿಲ್ಲ, ಇನ್ನೂ ಎರಡು ಮೂರು ತಿಂಗಳು ಗುಳಿಗಿ ಮುಂದುವರಸಬೇಕು, ಇಲ್ಲಾ ಅಂದ್ರ ಮತ್ತ ಅಲ್ಲೆ ಬಂದು ನಿಲ್ತೈತಿ. ಕ್ಯಾಲೆಂಡರಿನ ಮ್ಯಾಲ ದಿನಾ ಟಿಕ್ ಹಾಕೂದು ಮಗಳ ಕೆಲಸ, ನನ್ನ ದಿನ ನಾ ಮರತ್ರ ಅಕಿನ ನೆನಪ ಮಾಡ್ತಾಳ. ಆರು ತಿಂಗಳಿಗೆ ಅಕಿ ಫೆರಿಟಿನ್ 34 ಬಂತು. ನಂದು ಎಚ್‌ಬಿ 11.4, ಇನ್ನೂ ನಡದೈತಿ.

ಅತ್ತಿಯವ್ರು ಈಗ ಮೆಟ್ಲ ಹತ್ತಿದ್ರ ಎರಡು ಸಲ ನಿಂತು ದಮ್ಮು ತಗೋತಾರ. ವಯಸ್ಸಾತು ಅಂತಾರ ಅವ್ರು. ಸೋಮವಾರ ಅವ್ರದೂ ರಕ್ತ ಕೊಡಾಕ ಕರ್ಕೊಂಡು ಹೊಂಟೇನಿ.