ಕಾರಿಗಿಂತ ವೇರಿಯಂಟ್ ಮುಖ್ಯ: ಕಾಂಪ್ಯಾಕ್ಟ್ ಎಸ್‌ಯುವಿ ಆರಿಸಿದ ನನ್ನ ಅನುಭವ

ಕಾಂಪ್ಯಾಕ್ಟ್ ಕ್ರಾಸ್‌ಓವರ್, ಅಂದರೆ ಮಾಮೂಲಿ ಕಾರಿನ ಹಾಗೆ ಕಟ್ಟಿದ ಸಣ್ಣ ಎಸ್‌ಯುವಿ, ತಗೊಳ್ಳೋಣ ಅಂತ ತೀರ್ಮಾನವಾದ ಮೇಲೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಯಾವ ಕಾರು ಅನ್ನುವುದಕ್ಕಲ್ಲ, ಯಾವ ವೇರಿಯಂಟ್ ಅನ್ನುವುದಕ್ಕೆ. ಟೊಯೋಟಾ ರಾವ್4, ಹೋಂಡಾ ಸಿಆರ್-ವಿ, ಮಜ್ದಾ ಸಿಎಕ್ಸ್-5, ಹ್ಯುಂಡೈ ಟೂಸಾನ್ ಇವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವ ಕಾರುಗಳು. ಗಾತ್ರದಲ್ಲಿ, ಒಳಗಿನ ಜಾಗದಲ್ಲಿ ಹೆಚ್ಚು ಕಡಿಮೆ ಸಮ. ಆದರೆ ಒಂದೇ ಕಾರಿನ ಬೇಸ್ ವೇರಿಯಂಟಿಗೂ ಟಾಪ್ ವೇರಿಯಂಟಿಗೂ ನಡುವೆ ಎಂಜಿನ್ ಬದಲಾಗಬಹುದು, ಟೈರ್ ಬದಲಾಗಬಹುದು, ಹೆಡ್‌ಲೈಟ್ ಬದಲಾಗಬಹುದು, ಸೀಟೂ ಬದಲಾಗಬಹುದು. ಹೆಸರು ಒಂದೇ, ಓಡಿಸುವಾಗ ಸಿಗುವ ಕಾರು ಬೇರೆ.

ಮೊದಲು ನನಗೆ ನಿಜವಾಗಿ ಏನು ಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಂಡೆ. ಹಳೆಯ ಎಸ್‌ಯುವಿಗಳಲ್ಲಿ ಲಾರಿಯ ಹಾಗೆ ಕೆಳಗೊಂದು ಚಾಸಿ, ಅದರ ಮೇಲೆ ಬಾಡಿ ಇರುತ್ತಿತ್ತು. ಕ್ರಾಸ್‌ಓವರ್‌ನಲ್ಲಿ ಎರಡೂ ಒಂದೇ, ಮಾಮೂಲಿ ಕಾರಿನ ಹಾಗೆ. 1994ರಲ್ಲಿ ಬಂದ ಮೊದಲ ರಾವ್4 ಈ ಬಗೆಯ ಗಾಡಿಯನ್ನು ಜನರಿಗೆ ಪರಿಚಯ ಮಾಡಿಸಿದವುಗಳಲ್ಲಿ ಒಂದು. ಇದರಿಂದ ತೂಕ ಕಡಿಮೆ, ತಿರುವಿನಲ್ಲಿ ಹಿಡಿತ ಚೆನ್ನ, ಕುಲುಕಾಟವೂ ಕಡಿಮೆ. ಬಂಡೆ, ಕೆಸರು ಹತ್ತಿಸುವ ಆಸೆ ಇದ್ದವರಿಗೆ ಇದು ಸರಿಯಾದ ಗಾಡಿ ಅಲ್ಲ. ನನಗೆ ಅಂಥ ಆಸೆ ಇರಲಿಲ್ಲ. ಮನೆಯಲ್ಲಿ ಮಂಡಿ ನೋವಿರುವ ಹಿರಿಯರಿದ್ದಾರೆ, ಮಗುವಿಗೆ ಚೈಲ್ಡ್ ಸೀಟ್ ಬೇಕು, ದೂರದ ಪ್ರಯಾಣ ಆಗಾಗ ಇದ್ದೇ ಇದೆ. ಬಗ್ಗದೆ, ಹತ್ತದೆ ಸುಮ್ನೆ ಪಕ್ಕಕ್ಕೆ ಸರಿದು ಕೂರುವಷ್ಟು ಎತ್ತರದ ಸೀಟ್ ನನ್ನ ಮೊದಲ ಬೇಡಿಕೆ.

ಹೀಗಾಗಿ ಆಲ್ ವೀಲ್ ಡ್ರೈವ್ ಮೊದಲೇ ಪಟ್ಟಿಯಿಂದ ಹೊರಗೆ ಹೋಯಿತು. ಈ ವರ್ಗದ ಬಹುಪಾಲು ಕಾರುಗಳು ಮಾಮೂಲಿಯಾಗಿ ಮುಂದಿನ ಚಕ್ರದ ಬಲದಲ್ಲೇ ಓಡುತ್ತವೆ. ಮುಂದಿನ ಚಕ್ರ ಜಾರಿದಾಗ, ಅಥವಾ ಜಾರಬಹುದು ಅಂತ ಅನಿಸಿದಾಗ, ಒಂದು ಎಲೆಕ್ಟ್ರಾನಿಕ್ ಕ್ಲಚ್ ಹಿಂದಿನ ಚಕ್ರಕ್ಕೂ ಬಲ ಕಳಿಸುತ್ತದೆ. ಹಿಮ, ಕೆಸರು, ಕಡಿದಾದ ಮಣ್ಣಿನ ಏರು ದಿನವೂ ಎದುರಾಗುವವರಿಗೆ ಅದು ಬೇಕೇ ಬೇಕು. ಉಳಿದವರು ಹೆಚ್ಚುವರಿ ತೂಕವನ್ನೂ ಇಂಧನದ ಖರ್ಚನ್ನೂ ಸುಮ್ನೆ ಹೊರುತ್ತಾರೆ. ಒಂದು ಮಾತು ಇಲ್ಲಿ ಹೇಳಲೇಬೇಕು. ನಾಲ್ಕೂ ಚಕ್ರಕ್ಕೆ ಬಲ ಹೋಗುವುದರಿಂದ ಹೊರಡುವುದು ಸುಲಭವಾಗುತ್ತದೆ ಅಷ್ಟೇ, ಬ್ರೇಕ್ ಹಾಕಿದಾಗ ಕಾರು ಬೇಗ ನಿಲ್ಲುವುದಿಲ್ಲ. ಅದು ಟೈರಿನ ಕೆಲಸ.

ಆಮೇಲೆ ಬ್ರೋಷರ್‌ಗಳನ್ನು ಹರಡಿಕೊಂಡು ಕೂತೆ. ಕಂಪನಿಯವರು ಫೀಚರ್‌ಗಳನ್ನು ಆರಾಮ, ಸುರಕ್ಷತೆ, ಮನರಂಜನೆ ಅಂತ ಭಾಗ ಮಾಡಿರುತ್ತಾರೆ. ನಾನು ಆ ಭಾಗಗಳನ್ನೆಲ್ಲ ಬಿಟ್ಟು ಎರಡೇ ಪಟ್ಟಿ ಮಾಡಿದೆ. ಕಾರು ತಗೊಂಡ ಮೇಲೂ ಹಾಕಿಸಿಕೊಳ್ಳಬಹುದಾದದ್ದು ಒಂದು ಕಡೆ, ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಹಾಕಿಸಲು ಆಗದ್ದು ಇನ್ನೊಂದು ಕಡೆ. ಸೀಟ್ ಕವರ್, ಫ್ಲೋರ್ ಮ್ಯಾಟ್, ಡ್ಯಾಶ್‌ಕ್ಯಾಮ್, ಫೋನ್ ಚಾರ್ಜರ್, ಸ್ಪೀಕರ್, ಎಷ್ಟೋ ಕಾರುಗಳಲ್ಲಿ ಅಲಾಯ್ ವೀಲ್ ಕೂಡ ಮೊದಲನೇ ಪಟ್ಟಿಗೆ ಹೋದವು. ಏರ್‌ಬ್ಯಾಗ್, ಡಿಕ್ಕಿಯಾಗುವಂತಿದ್ದರೆ ಕಾರು ತಾನೇ ಬ್ರೇಕ್ ಹಾಕುವ ತುರ್ತು ಬ್ರೇಕ್ ವ್ಯವಸ್ಥೆ, ಹಿಂದಿನ ಮಧ್ಯದ ಸೀಟಿಗೆ ಮೂರು ಕಡೆ ಬಿಗಿಯುವ ಬೆಲ್ಟ್ ಮತ್ತು ಹೆಡ್‌ರೆಸ್ಟ್, ಡ್ರೈವರ್ ಸೀಟಿನ ಎತ್ತರ ಮತ್ತು ಸೊಂಟದ ಆಸರೆ, ಸ್ಟೀರಿಂಗ್ ಹಿಂದೆ ಮುಂದೆ ಸರಿಯುವ ಸೌಲಭ್ಯ, ಹೆಡ್‌ಲೈಟ್, ಎಂಜಿನ್, ಗೇರ್‌ಬಾಕ್ಸ್ ಎಲ್ಲ ಎರಡನೆಯದಕ್ಕೆ ಬಂದವು. ಎರಡನೇ ಪಟ್ಟಿ ಪೂರ್ತಿ ಸಿಗುವ ಅತಿ ಕೆಳಗಿನ ವೇರಿಯಂಟ್ ಯಾವುದು? ನನ್ನ ಹುಡುಕಾಟ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತ ನಡೆಯಿತು.

ಹೀಗೆ ನೋಡಿದಾಗ ಕೆಲವು ವೇರಿಯಂಟ್‌ಗಳ ಬಣ್ಣ ಬಯಲಾಯಿತು. ದೊಡ್ಡ ಸ್ಕ್ರೀನ್, ಪನೋರಮಿಕ್ ಸನ್‌ರೂಫ್, ಒಳಗೆ ಬಣ್ಣ ಬಣ್ಣದ ಲೈಟ್ ಎಲ್ಲ ಇದೆ, ಆದರೆ ಕನ್ನಡಿಗೆ ಕಾಣದ ಪಕ್ಕದ ಗಾಡಿಯನ್ನು ತಿಳಿಸುವ ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಇಲ್ಲ, ಸೀಟಿಗೆ ಸೊಂಟದ ಆಸರೆ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಅಂಥವನ್ನು ಎರಡನೇ ಸಲ ನೋಡಲಿಲ್ಲ.

ಸುರಕ್ಷತೆಯ ಸ್ಟಾರ್‌ಗಳನ್ನು ಓದುವಾಗ ಎರಡು ವಿಷಯ ನೋಡಿದೆ. ಯಾವ ವರ್ಷದ ಪರೀಕ್ಷೆ, ಯಾವ ವೇರಿಯಂಟಿನ ಪರೀಕ್ಷೆ. ಯುರೋಪಿನಲ್ಲಿ ಹೊಸ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಸ್ಟಾರ್ ಕೊಡುವ, 1997ರಿಂದ ಫಲಿತಾಂಶ ಕೊಡುತ್ತಾ ಬಂದಿರುವ ಯೂರೋ ಎನ್‌ಸಿಎಪಿ ಅನ್ನುವ ಸಂಸ್ಥೆ ತನ್ನ ಪರೀಕ್ಷೆಯನ್ನು ಆಗಾಗ ಬಿಗಿ ಮಾಡುತ್ತದೆ. 2005ರಲ್ಲಿ ಐದು ಸ್ಟಾರ್ ಪಡೆದಿದ್ದ ಫಿಯೆಟ್ ಪುಂಟೊ 2017ರಲ್ಲಿ ಮತ್ತೆ ಪರೀಕ್ಷೆಗೆ ಬಂದಾಗ ಒಂದು ಸ್ಟಾರೂ ಸಿಗಲಿಲ್ಲ. ಆದ್ದರಿಂದ ಹಳೆಯ ಐದು ಸ್ಟಾರನ್ನು ಹೊಸ ನಾಲ್ಕು ಸ್ಟಾರಿನ ಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ. ಇನ್ನು ಕೆಲವು ಕಾರುಗಳಿಗೆ ಅದೇ ಸಂಸ್ಥೆ ಎರಡೆರಡು ರೇಟಿಂಗ್ ಕೊಟ್ಟಿದೆ. ಎಲ್ಲ ವೇರಿಯಂಟ್‌ಗಳಲ್ಲೂ ಇರುವ ಸಾಮಾನ್ಯ ಸಲಕರಣೆಗೆ ಒಂದು, ಸೇಫ್ಟಿ ಪ್ಯಾಕ್ ಸೇರಿಸಿದ ಕಾರಿಗೆ ಇನ್ನೊಂದು. ಜಾಹೀರಾತಿನಲ್ಲಿ ಯಾವುದು ಕಾಣುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ನಾನು ಪೂರ್ತಿ ವರದಿ ತೆಗೆದು, ಅದರಲ್ಲಿನ ಸಲಕರಣೆಯ ಪಟ್ಟಿಯನ್ನು ನನ್ನ ವೇರಿಯಂಟಿನ ಜೊತೆ ಸಾಲು ಸಾಲಾಗಿ ತಾಳೆ ನೋಡಿದೆ. ದೊಡ್ಡವರ ಸುರಕ್ಷತೆಗೆ, ಮಕ್ಕಳ ಸುರಕ್ಷತೆಗೆ ಅಂಕಗಳು ಬೇರೆ ಬೇರೆ ಇರುತ್ತವೆ. ನಮ್ಮ ಮನೆಗೆ ಎರಡನೆಯದೂ ಅಷ್ಟೇ ಮುಖ್ಯವಾಗಿತ್ತು.

ಹೆಡ್‌ಲೈಟ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದನ್ನು ಕೇಳುವವರೇ ಕಡಿಮೆ. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಅನ್ನುವ ಸಂಸ್ಥೆ 2016ರಲ್ಲಿ ಹೆಡ್‌ಲೈಟ್‌ಗಳನ್ನು ಪರೀಕ್ಷಿಸಿ ದರ್ಜೆ ಕೊಡಲು ಶುರು ಮಾಡಿತು. ಆ ವರ್ಷ 21 ಸಣ್ಣ ಎಸ್‌ಯುವಿಗಳನ್ನು ನೋಡಿದಾಗ ಒಂದಕ್ಕೂ ಅತ್ಯುತ್ತಮ ದರ್ಜೆ ಸಿಗಲಿಲ್ಲ. ಆಮೇಲೆ ಪರಿಸ್ಥಿತಿ ತುಂಬಾ ಸುಧಾರಿಸಿದೆ. ಆದರೂ ಒಂದೇ ಮಾದರಿಯ ಎರಡು ವೇರಿಯಂಟ್‌ಗಳಿಗೆ ಬೇರೆ ಬೇರೆ ದರ್ಜೆ ಬರುವುದು ಇದೆ. ಮೇಲಿನ ವೇರಿಯಂಟಿನದೇ ಯಾವಾಗಲೂ ಚೆನ್ನಾಗಿರುತ್ತದೆ ಅಂತಲೂ ಇಲ್ಲ. ಎದುರಿನವರ ಕಣ್ಣು ಕುಕ್ಕುವ ಬೆಳಕಿಗೂ ಅಂಕ ಕಳೆಯುತ್ತಾರೆ. ಹಾಗಾಗಿ ನಾನು ಕತ್ತಲಾದ ಮೇಲೆ ಟೆಸ್ಟ್ ಡ್ರೈವ್ ಕೇಳಿದೆ. ಮಾರುವವರಿಗೆ ಆಶ್ಚರ್ಯವಾಯಿತು, ಆದರೆ ಕೊಟ್ಟರು. ಬೀದಿ ದೀಪ ಇಲ್ಲದ ರಸ್ತೆಯಲ್ಲಿ ಲೋ ಬೀಮ್ ಹಾಕಿ, ರಸ್ತೆಯ ಅಂಚು ಎಷ್ಟು ದೂರದವರೆಗೆ ಕಾಣುತ್ತದೆ ಅಂತ ನೋಡಿದೆ. ತಿರುವಿನಲ್ಲಿ ಬೆಳಕು ಎಲ್ಲಿ ಕಡಿದು ಹೋಗುತ್ತದೆ ಅಂತ ಗಮನಿಸಿದೆ. ಹಳೆಯ ಬಗೆಯ ಹಾಲೊಜೆನ್ ಬಲ್ಬ್ ಇದ್ದ ಬೇಸ್ ವೇರಿಯಂಟನ್ನು ನಾನು ಕೈಬಿಟ್ಟಿದ್ದು ಆ ರಾತ್ರಿಯೇ. ಕಾಗದದ ಮೇಲೆ ಅದು ಒಂದು ಸಾಲಿನ ವ್ಯತ್ಯಾಸ. ರಸ್ತೆಯಲ್ಲಿ ಅದು ನಡೆದುಹೋಗುವ ಮನುಷ್ಯ ಕಾಣುವುದು, ಕಾಣದಿರುವುದು.

ಚಕ್ರದ ಗಾತ್ರವೂ ಇಷ್ಟೇ ಗಂಭೀರ ವಿಷಯ. ಇದನ್ನು ಅಂದದ ವಿಷಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಳಗಿನ ವೇರಿಯಂಟಿಗೆ 225/65 ಆರ್17 ಟೈರ್, ಮೇಲಿನದಕ್ಕೆ 235/55 ಆರ್19 ಅಂತ ಇಟ್ಟುಕೊಳ್ಳಿ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಟೈರಿನ ಗೋಡೆಯ ಎತ್ತರ ಅನ್ನುವುದು. ಕೊನೆಯದು ಚಕ್ರದ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿದರೆ 17 ಇಂಚಿನ ಚಕ್ರದಲ್ಲಿ ರಬ್ಬರ್ ಗೋಡೆ ಸುಮಾರು 146 ಮಿಲಿಮೀಟರ್, 19 ಇಂಚಿನದರಲ್ಲಿ ಸುಮಾರು 129. ಗುಂಡಿಗೆ ಬಿದ್ದಾಗ ಪೆಟ್ಟನ್ನು ಮೊದಲು ನುಂಗುವುದು ಈ ಗೋಡೆ. 17 ಮಿಲಿಮೀಟರ್ ಕಡಿಮೆಯಾದರೆ ಬೆನ್ನಿಗೂ ಗೊತ್ತಾಗುತ್ತದೆ, ರಿಮ್ಮಿಗೂ ಗೊತ್ತಾಗುತ್ತದೆ. ಟೈರ್ ಬದಲಿಸುವಾಗ ದೊಡ್ಡ ಗಾತ್ರದ್ದು ಸಾಮಾನ್ಯವಾಗಿ ದುಬಾರಿ. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಯುರೋಪಿನಲ್ಲಿ 2017ರಿಂದ ಬಂದ, ಮೈಲೇಜ್ ಅಳೆಯುವ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಹಾಕಿರುವ ಚಕ್ರ, ಆಪ್ಷನ್‌ಗಳನ್ನು ನೋಡಿಯೇ ಆಯಾ ಕಾರಿನ ಅಂಕಿ ತೀರ್ಮಾನವಾಗುತ್ತದೆ. ಅಂದರೆ ಒಂದೇ ಎಂಜಿನ್, ಎರಡು ವೇರಿಯಂಟ್, ಎರಡು ಮೈಲೇಜ್. ಒರಟು ರಸ್ತೆಯಲ್ಲಿ ಎರಡನ್ನೂ ಓಡಿಸಿದ ಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ನೋಡಲು 19 ಚೆನ್ನ, ಬದುಕಲು 17 ಚೆನ್ನ.

ಆದರೆ ಆ 17 ಇಂಚಿನ ಕಾರನ್ನು ಓಡಿಸಲು ಸಿಗುವುದೇ ಕಷ್ಟವಾಗಿತ್ತು. ಶೋರೂಮಿನ ಟೆಸ್ಟ್ ಡ್ರೈವ್ ಕಾರು ಹೆಚ್ಚಾಗಿ ಟಾಪ್ ಎಂಡ್. ಅದರ ಸೀಟು, ಅದರ ಸದ್ದು, ಅದರ ಎಂಜಿನ್ ನೋಡಿ ಮನಸ್ಸು ಮಾಡಿ, ಕೆಳಗಿನದನ್ನು ಬುಕ್ ಮಾಡಿದರೆ ಓಡಿಸದ ಕಾರನ್ನೇ ಕೊಂಡ ಹಾಗೆ. ನನಗೆ ಬೇಕಾದ ವೇರಿಯಂಟ್ ಬರುವವರೆಗೆ ಕಾಯುತ್ತೇನೆ ಅಂತ ಹೇಳಿ ಕಾದೆ. ಬಾಡಿಗೆಗೆ ಸಿಗುವ ಕಾರುಗಳಲ್ಲಿ ಬೇಸ್ ಮತ್ತು ಮಧ್ಯದ ವೇರಿಯಂಟ್‌ಗಳು ಸುಲಭವಾಗಿ ಸಿಗುತ್ತವೆ. ಒಂದು ದಿನ ಪೂರ್ತಿ ಓಡಿಸಲು ಅದೂ ಒಳ್ಳೆಯ ದಾರಿ.

ಓಡಿಸುವ ಮೊದಲು ಕೂತು ನೋಡಿದೆ. ಡ್ರೈವರ್ ಸೀಟನ್ನು ನನಗೆ ಬೇಕಾದ ಹಾಗೆ ಹೊಂದಿಸಿ, ಅದರ ಹಿಂದೆಯೇ ಹೋಗಿ ಕೂತೆ. ಮಂಡಿಗೆ ಜಾಗ ಇದೆಯಾ, ತೊಡೆಗೆ ಆಸರೆ ಇದೆಯಾ, ಕಾಲು ಸೀಟಿನ ಕೆಳಗೆ ಹೋಗುತ್ತದಾ ಅಂತ ನೋಡಿದೆ. ಸನ್‌ರೂಫ್ ಇರುವ ವೇರಿಯಂಟಿನಲ್ಲೂ ಇಲ್ಲದ್ದರಲ್ಲೂ ಕೂತು ತಲೆಯ ಮೇಲಿನ ಜಾಗ ಹೋಲಿಸಿದೆ. ಸನ್‌ರೂಫಿನ ಚೌಕಟ್ಟು ಚಾವಣಿಯನ್ನು ಕೆಳಕ್ಕೆ ಇಳಿಸುತ್ತದೆ, ಎತ್ತರದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಮಗುವಿನ ಸೀಟನ್ನು ಮನೆಯಿಂದಲೇ ಒಯ್ದು ಹಿಂದಿನ ಸೀಟಿನಲ್ಲಿ ಚೈಲ್ಡ್ ಸೀಟ್ ಬಿಗಿಯಲೆಂದೇ ಇರುವ ಐಸೊಫಿಕ್ಸ್ ಕೊಂಡಿಗೆ ಸಿಕ್ಕಿಸಿದೆವು. ಅದನ್ನು ಹಾಕಿದ ಮೇಲೆ ಮುಂದಿನ ಸೀಟಿನವರು ಎಷ್ಟು ಮುಂದೆ ಸರಿಯಬೇಕಾಗುತ್ತದೆ ಅನ್ನುವುದು ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ. ಮಡಿಚುವ ಸ್ಟ್ರೋಲರನ್ನು ಡಿಕ್ಕಿಯಲ್ಲಿ ಇಟ್ಟು ನೋಡಿದೆವು. ಲೀಟರ್ ಲೆಕ್ಕದಲ್ಲಿ ಮುಂದಿದ್ದ ಒಂದು ಕಾರಿನ ಡಿಕ್ಕಿಯ ಬಾಯಿ ಕಿರಿದಾಗಿತ್ತು, ನಮ್ಮ ಸಾಮಾನು ಅಡ್ಡಲಾಗಿ ಹಿಡಿಯಲಿಲ್ಲ.

ಡಿಕ್ಕಿಯ ಹಲಗೆ ಎತ್ತಿ ಸ್ಟೆಪ್ನಿಯನ್ನೂ ಹುಡುಕಿದೆ. ಕೆಲವು ವೇರಿಯಂಟ್‌ಗಳಲ್ಲಿ, ಅದರಲ್ಲೂ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇದ್ದು ಬ್ಯಾಟರಿಗೆ ಜಾಗ ಬೇಕಾದ ಹೈಬ್ರಿಡ್‌ಗಳಲ್ಲಿ, ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಇಟ್ಟಿರುತ್ತಾರೆ. ಟೈರಿನ ಗೋಡೆ ಹರಿದರೆ ಆ ಕಿಟ್ ಕೆಲಸಕ್ಕೆ ಬರುವುದಿಲ್ಲ.

ಹೊರುವ ತೂಕದ ಲೆಕ್ಕವನ್ನೂ ಹಾಕಿದೆ. ಗಾಡಿಯ ಗರಿಷ್ಠ ತೂಕದಿಂದ ಖಾಲಿ ತೂಕ ಕಳೆದರೆ ಉಳಿಯುವುದು ನಾವು ಹೇರಬಹುದಾದ ತೂಕ. ತಲಾ 70 ಕಿಲೊದ ಐದು ಜನ ಅಂದರೆ 350, ಮೇಲೆ 80 ಕಿಲೊ ಸಾಮಾನು, ಅಲ್ಲಿಗೆ 430. ಗಾಜಿನ ಚಾವಣಿ, ಕರೆಂಟ್ ಸೀಟು, ಆಲ್ ವೀಲ್ ಡ್ರೈವ್ ಸೇರಿದಷ್ಟೂ ಖಾಲಿ ತೂಕ ಏರುತ್ತದೆ. ಗರಿಷ್ಠ ತೂಕವನ್ನು ಅದಕ್ಕೆ ತಕ್ಕಂತೆ ಏರಿಸದಿದ್ದರೆ ಹೇರಬಹುದಾದದ್ದು ಇಳಿಯುತ್ತದೆ. ಈ ಮಾಹಿತಿ ಬಾಗಿಲ ಕಂಬದ ಹತ್ತಿರದ ಪಟ್ಟಿಯಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ.

ಎಂಜಿನ್ ವಿಷಯದಲ್ಲಿ ನನ್ನ ಆಯ್ಕೆ ಬೇಗ ಮುಗಿಯಿತು. ಸಣ್ಣ ಟರ್ಬೊ ಎಂಜಿನ್‌ನಲ್ಲಿ ಹೈವೇ ಪಿಕಪ್ ಚೆನ್ನಾಗಿತ್ತು, ಆದರೆ ನನ್ನ ಓಡಾಟದ ಬಹುಪಾಲು ನಿಂತು ಹೊರಡುವ ಟ್ರಾಫಿಕ್‌ನಲ್ಲಿ. ಹೈಬ್ರಿಡ್ ಕಾರು ಬ್ರೇಕ್ ಹಿಡಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ಹೊರಡುವಾಗ ಮೋಟಾರಿನಿಂದ ಬಳಸುತ್ತದೆ. ಅದರ ಲಾಭ ಸಿಗುವುದು ಇಂಥ ಓಡಾಟದಲ್ಲೇ. ಹೈವೇಯಲ್ಲೇ ಜಾಸ್ತಿ ಓಡಿಸುವವರು ಬೇರೆ ತೀರ್ಮಾನಕ್ಕೆ ಬರಬಹುದು.

ಎಸಿಗೆ, ಸದ್ದಿಗೆ ಕೈಗೆ ಸಿಗುವ ಬಟನ್ ಇರಲೇಬೇಕು ಅಂತ ನಾನು ಹಟ ಹಿಡಿದೆ. ಟಾಪ್ ವೇರಿಯಂಟಿನಲ್ಲಿ ಅವೆಲ್ಲ ಸ್ಕ್ರೀನಿನೊಳಗೆ ಹೋಗಿದ್ದವು. ಓಡಿಸುತ್ತಾ ಸ್ಕ್ರೀನ್ ಹುಡುಕುವುದು ಅಂದರೆ ರಸ್ತೆಯಿಂದ ಕಣ್ಣು ತೆಗೆಯುವುದು. ಯೂರೋ ಎನ್‌ಸಿಎಪಿ ಕೂಡ ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಮುಖ್ಯ ಕೆಲಸಗಳಿಗೆ ಪ್ರತ್ಯೇಕ ಬಟನ್ ಇರಬೇಕು ಅನ್ನುವುದನ್ನು 2026ರ ನಿಯಮಗಳಲ್ಲಿ ಸೇರಿಸಿದೆ.

ಅಳೆದೂ ಸುರಿದೂ ಕೊನೆಗೆ ನಾನು ತಗೊಂಡಿದ್ದು ಕೆಳಗಿನಿಂದ ಎರಡನೇ ವೇರಿಯಂಟ್. ಮುಂದಿನ ಚಕ್ರದ ಹೈಬ್ರಿಡ್, 17 ಇಂಚಿನ ಟೈರ್, ಎಲ್‌ಇಡಿ ಹೆಡ್‌ಲೈಟ್, ಬಟ್ಟೆಯ ಸೀಟು, ಸನ್‌ರೂಫ್ ಇಲ್ಲ. ತುರ್ತು ಬ್ರೇಕ್, ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಎರಡೂ ಇವೆ. ಗಾಳಿಯಾಡುವ ಸೀಟು ಇದ್ದಿದ್ದರೆ ಸೆಕೆಯಲ್ಲಿ ಹಿತವಾಗಿರುತ್ತಿತ್ತು, ನಿಜ. ಆದರೆ ಅದೊಂದಕ್ಕಾಗಿ 19 ಇಂಚಿನ ಚಕ್ರವನ್ನೂ ಸ್ಕ್ರೀನಿನೊಳಗಿನ ಎಸಿಯನ್ನೂ ಜೊತೆಗೆ ಒಪ್ಪಿಕೊಳ್ಳಬೇಕಿತ್ತು.

ಬುಕ್ ಮಾಡುವಾಗ ವೇರಿಯಂಟಿನ ಪೂರ್ತಿ ಹೆಸರು, ಎಂಜಿನ್, ಬಣ್ಣ, ಮಾಡೆಲ್ ವರ್ಷ ಎಲ್ಲವನ್ನೂ ಅರ್ಜಿಯಲ್ಲಿ ಬರೆಸಿ, ಫೀಚರ್ ಪಟ್ಟಿಯ ಒಂದು ಪ್ರತಿಗೆ ಸಹಿ ಹಾಕಿಸಿಕೊಂಡೆ. ವರ್ಷದ ಮಧ್ಯದಲ್ಲಿ ಫೀಚರ್‌ಗಳನ್ನು ಸದ್ದಿಲ್ಲದೆ ಬದಲಿಸುವುದು ಈ ವ್ಯವಹಾರದಲ್ಲಿ ಇದ್ದದ್ದೇ. ಕಾರು ಬಂದ ದಿನ ಹಗಲು ಬೆಳಕಿನಲ್ಲಿ ಆ ಪಟ್ಟಿ ಹಿಡಿದು ಒಂದೊಂದನ್ನೇ ಹಾಕಿ ನೋಡಿದೆ. ಟೈರಿನ ಗೋಡೆಯ ಮೇಲಿನ ತಯಾರಿಕೆಯ ನಾಲ್ಕು ಅಂಕಿಯನ್ನೂ ಓದಿದೆ. ಮೊದಲ ಎರಡು ಅಂಕಿ ವಾರವನ್ನು, ಕೊನೆಯ ಎರಡು ಅಂಕಿ ವರ್ಷವನ್ನು ಹೇಳುತ್ತವೆ. 2324 ಅಂತ ಇದ್ದರೆ 2024ರ 23ನೇ ವಾರ. ನಾಲ್ಕೂ ಟೈರು ಹೆಚ್ಚು ಕಡಿಮೆ ಒಂದೇ ಸಮಯದವಾಗಿರಬೇಕು, ಕಾರು ತಯಾರಾದ ತಿಂಗಳಿಗೂ ಹೊಂದಬೇಕು. ಎಲ್ಲವೂ ಸರಿ ಇದ್ದ ಮೇಲೆ ಉಳಿದ ಹಣ ಕಟ್ಟಿದೆ.