ಟೈರನ್ನು ಒದ್ದು ನೋಡಿದರೆ ಗಾಳಿ ತಿಳಿಯುವುದಿಲ್ಲ

ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ನನ್ನದು ಟೈರ್ ಅಂಗಡಿ. ಬರುವ ಕಾರಿನವರಲ್ಲಿ ಅನೇಕರು ಇಳಿಯುತ್ತಲೇ ಟೈರಿಗೆ ಒಮ್ಮೆ ಒದ್ದು, "ಗಾಳಿ ಸರಿ ಇದೆ ತಮ್ಮಾ, ಬೇರೆ ಏನಾದರೂ ನೋಡು" ಎನ್ನುತ್ತಾರೆ. ಒತ್ತಡ ಅಳೆಯುವ ಗೇಜ್ ಹಚ್ಚಿದರೆ 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನಮ್ಮ ಮಾತಿನಲ್ಲಿ ಪಾಯಿಂಟ್). ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಇರಬೇಕಾದ ಗಾಳಿ 33 ಎಂದಿರುತ್ತದೆ. ಈಗಿನ ಕಾರುಗಳಲ್ಲಿರುವ ರೇಡಿಯಲ್ ಟೈರಿನ ಪಕ್ಕೆ ಗಾಳಿ ಸರಿಯಿದ್ದಾಗಲೂ ತುಸು ಉಬ್ಬಿರುತ್ತದೆ, ಹತ್ತು ಪಾಯಿಂಟ್ ಇಳಿದರೂ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಗೇಜ್ ಹಚ್ಚದೆ ನಾನು ಯಾವ ಟೈರಿನ ಬಗ್ಗೆಯೂ ಮಾತನಾಡುವುದಿಲ್ಲ.

ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಅತಿಯಾಗಿ ಬಾಗಿ ಏಳುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಸಲ. ಆ ಎಳೆದಾಟಕ್ಕೆ ರಬ್ಬರ್ ಬಿಸಿಯಾಗುತ್ತದೆ, ಒಳಗಿನ ಎಳೆಗಳಿಂದ ಬಿಟ್ಟುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ, ಅಣ್ಣಿಗೇರಿ ಕಡೆಯ ನೇರ ರಸ್ತೆ, ಕಾರಿನ ತುಂಬ ಜನ, ಡಿಕ್ಕಿಯಲ್ಲಿ ಸಾಮಾನು: ಟೈರ್ ಸಿಡಿಯಲು ಇಷ್ಟು ಸಾಕು. ಮುಂದಿನ ಚಕ್ರವಾದರೆ ಸ್ಟೀರಿಂಗ್ ಒಂದೇ ಕಡೆ ಎಳೆಯುತ್ತದೆ.

ಹೀಗೆ ಓಡಿಸಿದ ಟೈರನ್ನು ಡಿಸ್ಕಿನಿಂದ (ಟೈರ್ ಕೂರುವ ಲೋಹದ ಚಕ್ರದಿಂದ) ಬಿಚ್ಚಿದಾಗ ಒಳಗಿನಿಂದ ಕಾಡಿಗೆಯಂತಹ ಕಪ್ಪು ಪುಡಿ ಉದುರುತ್ತದೆ. ಅದು ಪಕ್ಕೆಯ ರಬ್ಬರೇ ಸವೆದು ಆದ ಪುಡಿ. ಒಳಮೈಯಲ್ಲಿ ಬೆರಳಾಡಿಸಿದರೆ ಸುತ್ತಲೂ ಒರಟಾದ ಪಟ್ಟಿ ಸಿಗುತ್ತದೆ. ಹೊರಗೆ ಬಟನ್, ಅಂದರೆ ರಸ್ತೆಗೆ ತಾಗುವ ಅಚ್ಚಿನ ಭಾಗ, ಹೊಸದರಂತೆಯೇ ಇರುವುದರಿಂದ "ಪ್ಯಾಚ್ ಹಾಕಿಕೊಡು" ಎಂದು ಒತ್ತಾಯಿಸುತ್ತಾರೆ. ಪುಡಿಯನ್ನು ಅವರ ಅಂಗೈಗೇ ಹಾಕಿ ತೋರಿಸುತ್ತೇನೆ. ಅಂತಹ ಟೈರಿಗೆ ಪ್ಯಾಚ್ ಹಾಕುವುದಿಲ್ಲ. ಗಿರಾಕಿ ಸಿಟ್ಟಾಗಿ ಹೋದರೂ ಸರಿ.

ಯಾವ ಟೈರಿನಲ್ಲಾದರೂ ತಿಂಗಳಿಗೆ ಒಂದೆರಡು ಪಾಯಿಂಟ್ ಇಳಿಯುವುದು ಸಹಜ. ಚಳಿ ಬಿದ್ದು ಹತ್ತು ಡಿಗ್ರಿ ಕಡಿಮೆಯಾದರೆ ಇನ್ನೂ ಸುಮಾರು ಎರಡು ಪಾಯಿಂಟ್. ಆದರೆ ನಾಲ್ಕರಲ್ಲಿ ಒಂದೇ ಚಕ್ರ ಹೆಚ್ಚು ಇಳಿದಿದ್ದರೆ ಬರೀ ಗಾಳಿ ತುಂಬಿ ಕಳುಹಿಸುವುದಿಲ್ಲ, ಸೋಪು ನೀರು ಹಚ್ಚುತ್ತೇನೆ. ಮೊದಲು ಗಾಳಿ ತುಂಬುವ ವಾಲ್ವಿಗೆ, ಆಮೇಲೆ ಟೈರ್ ಮತ್ತು ಡಿಸ್ಕ್ ಕೂಡುವ ಅಂಚಿಗೆ, ಕೊನೆಗೆ ಬಟನ್ ಮೇಲೆ. ಹೊಲದ ದಾರಿಯಲ್ಲಿ ಓಡಾಡುವ ಕಾರುಗಳಲ್ಲಿ ಮುರಿದ ಜಾಲಿ ಮುಳ್ಳು ಸಿಗುತ್ತದೆ. ವಾಲ್ವಿನ ಸೋರಿಕೆ ಪತ್ತೆಯಾಗಲು ತಾಳ್ಮೆ ಬೇಕು: ಸಾಸಿವೆಯಷ್ಟು ಗುಳ್ಳೆ ಎದ್ದು, ನಿಧಾನವಾಗಿ ದೊಡ್ಡದಾಗಿ ಒಡೆಯುತ್ತದೆ. ವಾಲ್ವಿನೊಳಗಿನ ಪಿನ್ ಬದಲಿಸಿ, ಮುಚ್ಚಳ ಹಾಕಿದರೆ ಮುಗಿಯಿತು.

ಅಳತೆ ಬೆಳಿಗ್ಗೆ, ಕಾರು ಹೊರಡುವ ಮೊದಲೇ ಆಗಬೇಕು. ಗದಗದಿಂದ ಓಡಿಬಂದು ಬಿಸಿಯಾದ ಟೈರಿನಲ್ಲಿ ನಾಲ್ಕೈದು ಪಾಯಿಂಟ್ ಹೆಚ್ಚು ತೋರಿಸುತ್ತದೆ. "ಜಾಸ್ತಿಯಾಗಿದೆ" ಎಂದು ಅದನ್ನು ಬಿಡಿಸುವವರಿದ್ದಾರೆ. ತಣ್ಣಗಾದಾಗ ಆ ಟೈರಿನಲ್ಲಿ ಗಾಳಿ ಕಡಿಮೆಯೇ.

ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಡ್ಯಾಶ್‌ಬೋರ್ಡಿನ ದೀಪವನ್ನೇ ನೆಚ್ಚಬೇಡಿ ಎಂದೂ ಹೇಳುತ್ತೇನೆ. ಸಾಮಾನ್ಯವಾಗಿ ಅದು ಹೊತ್ತಿಕೊಳ್ಳುವಷ್ಟರಲ್ಲಿ ಕಾಲು ಭಾಗದಷ್ಟು ಒತ್ತಡ ಹೋಗಿರುತ್ತದೆ. ಕೆಲವು ಕಾರುಗಳಲ್ಲಿ ಅದು ಒತ್ತಡವನ್ನು ಅಳೆಯುವುದೇ ಇಲ್ಲ, ಚಕ್ರಗಳು ತಿರುಗುವ ವೇಗವನ್ನು ಹೋಲಿಸುತ್ತದೆ. ನಾಲ್ಕೂ ಒಟ್ಟಿಗೆ ಇಳಿದರೆ ದೀಪ ಸುಮ್ಮನಿರಬಹುದು. ಸ್ಟೆಪ್ನಿಗಂತೂ ಎಷ್ಟೋ ಕಾರುಗಳಲ್ಲಿ ದೀಪವೇ ಇಲ್ಲ. ಅದನ್ನೂ ಡಿಕ್ಕಿಯಿಂದ ತೆಗೆಸಿ ಗೇಜ್ ಹಚ್ಚಿದ ಮೇಲೆಯೇ ಕಾರು ಬಿಡುತ್ತೇನೆ.